ಕಲರ್ ಮಾಡಿದ ಕೂದಲಿಗೆ ಸ್ಟ್ರೈಟ್ನರ್ ಬಳಸುವವರಿಗೆ

ಐರನ್ ಹಿಡಿಯುವ ಮುನ್ನ ಕಿವಿ ಹಿಂದೆ, ಬುಡದ ಹತ್ತಿರ ಬೆರಳಾಡಿಸಿ ನೋಡಿ. ತಣ್ಣಗೆ ತಾಗಿದರೆ ಕೂದಲು ಇನ್ನೂ ಒಣಗಿಲ್ಲ. ಹಾಗೇ ಐರನ್ ಇಟ್ಟರೆ ಚುಂಯ್ ಅನ್ನುತ್ತೆ. ಒಳಗಿನ ನೀರು ಆವಿಯಾಗಿ ಎಳೆಯಲ್ಲಿ ಗುಳ್ಳೆ ಏಳುತ್ತೆ, ಆಮೇಲೆ ಅಲ್ಲೇ ಮುರಿಯುತ್ತೆ.

ತೆಳು ಕೂದಲಿಗೆ, ಬ್ಲೀಚ್ ಮಾಡಿದ್ದಕ್ಕೆ 150 ಡಿಗ್ರಿ ಸೆಲ್ಸಿಯಸ್ ದಾಟಿಸಬೇಡಿ. ದಪ್ಪ ಕೂದಲಿಗೂ 180 ಧಾರಾಳ. ಡಿಗ್ರಿ ತೋರಿಸದ, ಬರೀ ಆನ್-ಆಫ್ ಇರುವ ಮಷಿನ್ ಅಗ್ಗವಾಗಿ ಸಿಕ್ಕರೂ ಬೇಡ. ಮೊದಲು ಹೀಟ್ ಪ್ರೊಟೆಕ್ಟೆಂಟ್ ಸ್ಪ್ರೇ (ಬಿಸಿಯಿಂದ ಕೂದಲನ್ನು ಕಾಯುವ ಸ್ಪ್ರೇ) ಹಾಕಿ, ಅದು ಆರಿದ ಮೇಲೆ ಒಂದಿಂಚು ಅಗಲದಷ್ಟೇ ಕೂದಲು ಹಿಡಿದು, ಎಲ್ಲೂ ನಿಲ್ಲಿಸದೆ ಒಂದೇ ಸಲ ಎಳೆಯಿರಿ. ಅದೇ ಜಾಗಕ್ಕೆ ನಾಲ್ಕೈದು ಸಲ ಎಳೆದರೆ ಕೂದಲು ಒರಟಾಗೋದಲ್ಲದೆ ಬಣ್ಣವೂ ಮಂಕಾಗುತ್ತೆ.

ಎಣ್ಣೆ ಹಚ್ಚಿ ಐರನ್ ಮಾಡೋದು ಅಂದರೆ ಕೂದಲನ್ನು ಕರಿದ ಹಾಗೆ. ತೆಂಗಿನೆಣ್ಣೆ ಬೇಕಾದದ್ದು ತಲೆಸ್ನಾನಕ್ಕೆ ಮುಂಚೆ: ಅರ್ಧ ಗಂಟೆ ಮೊದಲು ಒಂದು ಚಮಚ, ತುದಿಗಳಿಗೆ. ತೊಳೆಯುವಾಗ ಕೂದಲಿನ ಪ್ರೋಟೀನ್ ನಷ್ಟವಾಗೋದು ಇದರಿಂದ ಕಡಿಮೆಯಾಗುತ್ತೆ.

ಕಲರ್ ಹಾಕಿದ ಮೇಲೆ ಎರಡು-ಮೂರು ದಿನ ಶಾಂಪೂ ಬೇಡ. ಆಮೇಲೂ ಸುಡುನೀರು ಬೇಡ, ಉಗುರುಬೆಚ್ಚಗಿದ್ದರೆ ಸಾಕು. ಬೋರ್‌ವೆಲ್ ನೀರಿನ ಮನೆಯಾದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲ ಮೇಲೆ ಕೂತು ಬಣ್ಣ ಕಳೆಗುಂದುತ್ತೆ. ಕೊನೆಯ ಎರಡು ಮಗ್ ಆರ್‌ಓ ನೀರು ಹಾಕಿಕೊಳ್ಳಿ. ಆದರೆ ಆರ್‌ಓ ಪೈಪಿನಿಂದ ಹೊರಹೋಗುವ ವೇಸ್ಟ್ ನೀರನ್ನಲ್ಲ, ಅದರಲ್ಲಿ ಲವಣ ಇನ್ನೂ ಜಾಸ್ತಿ.