ಹೊಸ ಲ್ಯಾಪ್‌ಟಾಪಿನ ಮೈಮೇಲೆ ಗೀರು, ನೆಗ್ಗು ಕಂಡರೆ ಏನು ಮಾಡಬೇಕು

ಲಕ್ಷ ರೂಪಾಯಿ ಕೊಟ್ಟು ತಂದ ಲ್ಯಾಪ್‌ಟಾಪಿನ ಮುಚ್ಚಳದಲ್ಲಿ ಗೀರು ಕಂಡಾಗ "ಕೆಲಸ ಮಾಡ್ತದಲ್ಲ, ಬಿಡಿ" ಎನ್ನುವವರೇ ಹೆಚ್ಚು. ಮಾರಿದವರು ಹಾಗೆ ಹೇಳುತ್ತಾರೆ, ಮನೆಯ ಹಿರಿಯರೂ ಹಾಗೇ ಹೇಳಿ ಸಮಾಧಾನ ಮಾಡುತ್ತಾರೆ. ಬದಿಯಡ್ಕದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸುವ ನಾನು ಮಾತ್ರ ಹಾಗೆ ಹೇಳುವುದಿಲ್ಲ. ಹೊಸದರ ಬೆಲೆ ತೆಗೆದುಕೊಂಡವರು ಹೊಸದನ್ನೇ ಕೊಡಬೇಕು. ಅದಕ್ಕಿಂತ ಮುಖ್ಯ ಸಂಗತಿ ಇನ್ನೊಂದಿದೆ: ಮೈಮೇಲಿನ ಗುರುತು ಎಷ್ಟೋ ಸಲ ಒಳಗಿನ ಕಥೆ ಹೇಳುತ್ತದೆ. ಹಾಗಾಗಿ ಸಿಟ್ಟು ಮಾಡಿಕೊಳ್ಳುವ ಮೊದಲು, ಸುಮ್ಮನಾಗುವ ಮೊದಲೂ, ಆ ಗುರುತನ್ನು ಸರಿಯಾಗಿ ಓದಬೇಕು.

ಕಳೆದ ಓಣಂ ಆಫರಿನ ಹೊತ್ತಿಗೆ ನೀರ್ಚಾಲಿನ ಕಡೆಯ ಇಂಜಿನಿಯರಿಂಗ್ ಹುಡುಗಿಯೊಬ್ಬಳು ಪೆಟ್ಟಿಗೆ ಸಮೇತ ಲ್ಯಾಪ್‌ಟಾಪ್ ತಂದಿಟ್ಟಳು. ಮುಚ್ಚಳದ ಎಡ ಮೂಲೆಯಲ್ಲಿ ಸುಮಾರು 3 ಮಿಲಿಮೀಟರಿನ ನೆಗ್ಗು. "ಅಕ್ಕ, ಇದು ನಾನು ಬೀಳಿಸಿದ್ದಲ್ಲ, ತೆಗೆಯುವಾಗಲೇ ಹೀಗೆ ಇತ್ತು. ಅಂಗಡಿಯವರು ಇದು ಕಾಸ್ಮೆಟಿಕ್, ಬರೀ ಹೊರಗಿನ ಅಂದದ ವಿಷಯ, ವಾರಂಟಿಯಲ್ಲಿ ಬರುವುದಿಲ್ಲ ಅಂತಾರೆ" ಎಂದಳು. ನಾನು ಅದನ್ನು ಅಂಗಡಿಯ ಗ್ರಾನೈಟ್ ಮೇಜಿನ ಮೇಲಿಟ್ಟು ಒಂದೊಂದು ಮೂಲೆಯನ್ನೇ ಬೆರಳಿನಿಂದ ಮೆಲ್ಲನೆ ಒತ್ತಿದೆ. ಬಲ ಮುಂಗಾಲು ಟಕ್ ಎಂದಿತು. ಸಮತಟ್ಟಾದ ಕಲ್ಲಿನ ಮೇಲೆ ಹೊಸ ಯಂತ್ರ ಅಲುಗಾಡಬಾರದು. ಮುಚ್ಚಳ ಹಾಕಿ ಸುತ್ತಲೂ ಸಂದಿಗೆ ಕಾಗದದ ಹಾಳೆ ತೂರಿಸಿ ನೋಡಿದರೆ ಒಂದು ಕಡೆ ಹಾಳೆ ಸಿಕ್ಕಿಕೊಳ್ಳುತ್ತಿತ್ತು, ಇನ್ನೊಂದು ಕಡೆ ಸಲೀಸಾಗಿ ಒಳಗೆ ಹೋಗುತ್ತಿತ್ತು. ಅಂದರೆ ಪೆಟ್ಟು ಬಿದ್ದದ್ದು ಮೂಲೆಗೆ ಮಾತ್ರ ಅಲ್ಲ, ಚೌಕಟ್ಟೇ ಸ್ವಲ್ಪ ತಿರುಚಿತ್ತು. ಅಂಥ ಲ್ಯಾಪ್‌ಟಾಪಿನಲ್ಲಿ ಕೀಲು ಬೇಗ ಸಡಿಲವಾಗುತ್ತದೆ, ಮುಚ್ಚಳ ತೆರೆದು ಮುಚ್ಚುವ ಪ್ರತಿ ಸಲವೂ ಪರದೆಯ ಅಂಚಿಗೆ ಒತ್ತಡ ಬೀಳುತ್ತದೆ. ಅವಳಿಗೆ ಬದಲಿ ಯಂತ್ರ ಸಿಕ್ಕಿತು. ಸಿಕ್ಕಿದ್ದು ಹೇಗೆ ಎಂಬುದನ್ನೇ ಮುಂದೆ ಹೇಳುತ್ತೇನೆ.

ಮೊದಲು ನೋಡುವ ಕ್ರಮ

ಆನ್‌ಲೈನಿನಲ್ಲಿ ತರಿಸಿದ್ದಾದರೆ ಪೆಟ್ಟಿಗೆ ಒಡೆಯುವ ಮೊದಲೇ ಮೊಬೈಲಿನಲ್ಲಿ ವಿಡಿಯೊ ಶುರು ಮಾಡಿ. ಮೊದಲು ವಿಳಾಸದ ಚೀಟಿ, ಆಮೇಲೆ ಟೇಪು, ಪೆಟ್ಟಿಗೆಯ ಆರೂ ಮುಖ, ಸೀರಿಯಲ್ ನಂಬರು. ಮಧ್ಯದಲ್ಲಿ ನಿಲ್ಲಿಸದೆ ಲ್ಯಾಪ್‌ಟಾಪ್ ಹೊರಗೆ ಬರುವ ತನಕ ಒಂದೇ ಓಟ. ತುಂಡು ತುಂಡಾದ ವಿಡಿಯೊ ತೋರಿಸಿದರೆ "ನಡುವೆ ಏನಾಯಿತೋ" ಎಂಬ ಪ್ರಶ್ನೆ ಬಂದೇ ಬರುತ್ತದೆ. ಹೊರಗಿನ ಪೆಟ್ಟಿಗೆಯ ಮೂಲೆ ಜಜ್ಜಿದ್ದರೆ ಅದನ್ನು ಹತ್ತಿರದಿಂದ ಹಿಡಿಯಿರಿ. ಒಳಗಿನ ನೆಗ್ಗು ಅದೇ ಮೂಲೆಯಲ್ಲಿದ್ದರೆ ಸಾಗಣೆಯಲ್ಲಿ ಆದದ್ದೆಂದು ವಾದಿಸಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಟ್ಯೂಬ್‌ಲೈಟಿನ ಕೆಳಗೆ ಗೀರು ಕಾಣುವುದಿಲ್ಲ. ಬೆಳಗಿನ ಬೆಳಕಿನಲ್ಲಿ ಜಗಲಿಗೆ ತಂದು, ಬೆಳಕು ಓರೆಯಾಗಿ ಬೀಳುವ ಹಾಗೆ ಹಿಡಿದು ಮೆಲ್ಲನೆ ವಾಲಿಸುತ್ತಾ ನೋಡಿ. ಗೆರೆ ಕಂಡಲ್ಲಿ ಉಗುರನ್ನು ಅಡ್ಡಕ್ಕೆ ಸವರಿ. ಉಗುರು ತಡೆದರೆ ಅದು ಲೋಹಕ್ಕೋ ಬಣ್ಣಕ್ಕೋ ಇಳಿದ ಗೀರು. ತಡೆಯದಿದ್ದರೆ ಅಂಟಿನ ಕಲೆಯೋ ಪ್ಯಾಕಿಂಗಿನ ಉಜ್ಜೋ ಆಗಿರಬಹುದು, ಒದ್ದೆ ಬಟ್ಟೆಗೇ ಹೋಗುವ ಸಾಧ್ಯತೆ ಉಂಟು. ಎಷ್ಟೋ ಸಲ ಗೀರು ಇರುವುದು ಮೇಲೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯಲ್ಲಿ. ಫೋಟೊ ತೆಗೆದುಕೊಂಡು, ಹಾಳೆ ಬಿಡಿಸಿ, ಮತ್ತೊಮ್ಮೆ ನೋಡಿ.

ತಳವನ್ನು ತಿರುಗಿಸಿ ಸ್ಕ್ರೂಗಳನ್ನು ಒಂದೊಂದಾಗಿ ನೋಡುವುದನ್ನು ಬಿಡಬೇಡಿ. ಸ್ಕ್ರೂವಿನ ತಲೆಯ ಬಣ್ಣ ಕಿತ್ತು ಬೆಳ್ಳಗೆ ಹೊಳೆಯುತ್ತಿದ್ದರೆ, ಅಂಚಿನಲ್ಲಿ ಏನೋ ತೂರಿಸಿ ಎಬ್ಬಿಸಿದ ಗುರುತಿದ್ದರೆ ಯಾರೋ ಮೊದಲೇ ತೆರೆದಿದ್ದಾರೆ ಎಂದು ಅನುಮಾನಿಸಬೇಕು. ಚಾರ್ಜರ್ ಕಿಂಡಿಯ ಸುತ್ತ ಗೀಚುಗಳಿದ್ದರೆ ಅದು ಬಳಸಿದ ಯಂತ್ರವಿರಬಹುದು. ಆಗ ಪೆಟ್ಟಿಗೆಯ ಮೇಲಿನ ಸೀರಿಯಲ್ ನಂಬರು, ತಳದ್ದು, ಆನ್ ಮಾಡಿದ ಮೇಲೆ ಯಂತ್ರವೇ ತೋರಿಸುವುದು ಮೂರೂ ಒಂದೇ ಆಗಿವೆಯೇ ನೋಡಿ. ಬ್ಯಾಟರಿ ಎಷ್ಟು ಸಲ ಚಾರ್ಜ್ ಆಗಿದೆ ಎಂಬ ಲೆಕ್ಕವನ್ನು ವಿಂಡೋಸ್‌ನ ಬ್ಯಾಟರಿ ರಿಪೋರ್ಟಿನಲ್ಲಿ, ಮ್ಯಾಕ್ ಆದರೆ ಸಿಸ್ಟಮ್ ರಿಪೋರ್ಟಿನಲ್ಲಿ ನೋಡಬಹುದು. ಹೊಸದರಲ್ಲಿ ಅದು ಬೆರಳೆಣಿಕೆ ಮೀರಬಾರದು. ಮೀರಿದ್ದರೆ ನಿಮ್ಮ ದೂರು ಗೀರಿನದ್ದಲ್ಲ, ಹಳೆಯದನ್ನು ಹೊಸದೆಂದು ಮಾರಿದ್ದರದ್ದು.

ಟಚ್‌ಪ್ಯಾಡ್ ಒಂದು ಬದಿ ಎದ್ದಿದೆ, ತಳ ಉಬ್ಬಿದೆ ಎಂದಾದರೆ ಅಂದಚಂದದ ಮಾತೇ ಬೇಡ. ಒಳಗೆ ಬ್ಯಾಟರಿ ಊದಿರಬಹುದು. ಚಾರ್ಜಿಗೆ ಹಾಕಬೇಡಿ, ಒತ್ತಿ ಕೂರಿಸಲು ಹೋಗಬೇಡಿ, ಅದೇ ದಿನ ಹಿಂದಿರುಗಿಸಿ.

ಪರದೆಯ ಚುಕ್ಕೆಗಳು

ಪೂರ್ತಿ ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಚಿತ್ರಗಳನ್ನು ಒಂದಾದ ಮೇಲೊಂದು ಪರದೆ ತುಂಬ ಇಟ್ಟು ನೋಡಿ. ಪರದೆಯ ಚಿತ್ರವನ್ನು ಕಟ್ಟುವ ಸಣ್ಣ ಚುಕ್ಕೆಗೆ ಪಿಕ್ಸೆಲ್ ಎನ್ನುತ್ತಾರೆ. ಎಲ್ಲದರಲ್ಲೂ ಕಪ್ಪಾಗಿಯೇ ಉಳಿಯುವ ಚುಕ್ಕೆ ಸತ್ತ ಪಿಕ್ಸೆಲ್. ಒಂದೇ ಬಣ್ಣಕ್ಕೆ ಅಂಟಿಕೊಂಡದ್ದು ಸಿಕ್ಕಿಬಿದ್ದ ಪಿಕ್ಸೆಲ್, ಅದು ಕೆಲವೊಮ್ಮೆ ತಾನಾಗಿ ಸರಿಹೋಗುತ್ತದೆ. ಬಿಳಿಯಲ್ಲಿ ಮಸುಕಾದ ಕಲೆ ಕಂಡರೆ ಒಳಪದರದ ಧೂಳು ಇರಬಹುದು.

ಸಾಮಾನ್ಯ ಫುಲ್ ಎಚ್‌ಡಿ ಪರದೆಯಲ್ಲಿ 1920 × 1080, ಅಂದರೆ 20 ಲಕ್ಷಕ್ಕೂ ಹೆಚ್ಚು ಪಿಕ್ಸೆಲ್ ಇರುತ್ತವೆ. ಒಂದೊಂದರಲ್ಲೂ ಮೂರು ಬಣ್ಣದ ಕಣ. ಇದಕ್ಕೆ ಐಎಸ್‌ಒ 9241-307 ಎಂಬ ಅಂತರರಾಷ್ಟ್ರೀಯ ಮಾನದಂಡ ಉಂಟು, ಅದರಲ್ಲಿ ದರ್ಜೆಗೆ ತಕ್ಕಂತೆ ಇಷ್ಟು ಕೆಟ್ಟ ಪಿಕ್ಸೆಲ್ ಇರಬಹುದೆಂಬ ರಿಯಾಯಿತಿಯೂ ಉಂಟು. ಹೀಗಾಗಿ ವಾರಂಟಿಯಲ್ಲಿ ಒಂದು ಚುಕ್ಕೆಗೆ ಪರದೆ ಬದಲಿಸಿಕೊಡಲು ಎಷ್ಟೋ ಕಂಪನಿಗಳು ಒಪ್ಪುವುದಿಲ್ಲ. ಮಾರಿದವರು ಕೊಟ್ಟ ಬದಲಿಸುವ ಅವಧಿ ಇನ್ನೂ ಮುಗಿದಿಲ್ಲವಾದರೆ ಮಾತ್ರ ಆ ಚುಕ್ಕೆಗೂ ಬೆಲೆ ಬರುತ್ತದೆ.

ಕತ್ತಲ ಕೋಣೆಯಲ್ಲಿ ಕಪ್ಪು ಚಿತ್ರ ಇಟ್ಟಾಗ ಮೂಲೆಗಳಲ್ಲಿ ಬೆಳಕು ಕಂಡರೆ ತಲೆಯನ್ನು ಆಚೆ ಈಚೆ ಸರಿಸಿ ನೋಡಿ. ನೋಡುವ ಕೋನದ ಜೊತೆ ಬೆಳಕು ಬದಲಾದರೆ ಅದು ಐಪಿಎಸ್ ಎಂಬ ಬಗೆಯ ಪರದೆಗಳ ಸಹಜ ಗುಣ, ಬದಲಿಯಲ್ಲೂ ಅದು ಇರುತ್ತದೆ. ಅಲ್ಲಾಡದೆ ಒಂದೇ ಜಾಗದಲ್ಲಿ ನಿಂತರೆ ಹಿಂಬದಿಯ ಬೆಳಕು ಸೋರುತ್ತಿದೆ ಎಂದರ್ಥ. ನಾನಾದರೆ ಕೆಲಸ ಮಾಡುವಾಗ ಕಣ್ಣಿಗೆ ಹೊಡೆಯುವಷ್ಟಿದ್ದರೆ ಮಾತ್ರ ಹಿಂದಿರುಗಿಸಲು ಹೇಳುತ್ತೇನೆ.

ಇಟ್ಟುಕೊಳ್ಳುವುದೋ, ಕೊಡುವುದೋ

ತಯಾರಕರ ವಾರಂಟಿಯ ಶರತ್ತುಗಳನ್ನು ಓದಿದರೆ ಗೀರು, ನೆಗ್ಗು, ಚಕ್ಕೆ ಎದ್ದದ್ದು ಸಾಮಾನ್ಯವಾಗಿ ಹೊರಗಿರುತ್ತವೆ. ಬಳಸುವಾಗ ಆದದ್ದೋ ಬರುವಾಗಲೇ ಇದ್ದದ್ದೋ ಎಂದು ಅವರಿಗೆ ಗೊತ್ತಾಗುವುದಿಲ್ಲವಲ್ಲ. ಆದ್ದರಿಂದ ನಿಮ್ಮ ಕೈಯಲ್ಲಿರುವುದು ಮಾರಿದವರು ಕೊಟ್ಟ ಬದಲಿಸುವ ಅವಧಿ. ಅದು ಎಷ್ಟು ದಿನ ಎಂಬುದು ಆರ್ಡರಿನಲ್ಲಿ ಅಥವಾ ಬಿಲ್ಲಿನಲ್ಲಿ ಇರುತ್ತದೆ, ತಂದ ದಿನವೇ ನೋಡಿಟ್ಟುಕೊಳ್ಳಿ. ತೀರ್ಮಾನ ಆಗುವ ತನಕ ಸ್ಟಿಕ್ಕರ್, ಸ್ಕಿನ್ ಅಂಟಿಸಬೇಡಿ, ಪೆಟ್ಟಿಗೆ ಮತ್ತು ಒಳಗಿನ ಥರ್ಮೋಕೋಲ್ ಅಟ್ಟಕ್ಕೆ ಹೋಗಲಿ, ತೊಟ್ಟಿಗೆ ಬೇಡ. ಹಿಂದಿರುಗಿಸುವುದೇ ಆದರೆ ನಿಮ್ಮ ಖಾತೆಯಿಂದ ಹೊರಬಂದು ಎಲ್ಲವನ್ನೂ ಅಳಿಸಿ ಕೊಡಿ.

ನನ್ನ ತೂಕ ಹೀಗೆ: ಮೂಲೆಯ ನೆಗ್ಗು, ಕೀಲಿನ ಹತ್ತಿರದ ಬಿರುಕು, ಸಮವಿಲ್ಲದ ಸಂದಿ, ತೆರೆದ ಸ್ಕ್ರೂ, ಇವು ಎಷ್ಟೇ ಸಣ್ಣದಿರಲಿ ಇಟ್ಟುಕೊಳ್ಳಬೇಡಿ. ತಳದಲ್ಲಿನ ಕೂದಲೆಳೆಯ ಗೀರಾದರೆ, ಬದಲಿ ಬರುವುದಕ್ಕೆ ಕಾಯುವ ದಿನಗಳಲ್ಲಿ ಮಕ್ಕಳ ಪರೀಕ್ಷೆಯೋ ನಿಮ್ಮ ಕೆಲಸವೋ ಕೆಡುವುದಾದರೆ, ಬೆಲೆಯಲ್ಲಿ ಸ್ವಲ್ಪ ಇಳಿಸಿಕೊಡಿ ಎಂದು ಕೇಳಿ ಇಟ್ಟುಕೊಳ್ಳಬಹುದು. ಮುಚ್ಚಳದ ಮೇಲೋ ಕೈ ಊರುವ ಜಾಗದಲ್ಲೋ ದಿನಾ ಕಾಣುವ ಗೀರು ಇದ್ದರೆ ಸಂಕೋಚ ಬೇಡ, ಕೊಡಿ. "ಭಾಗ ಬದಲಿಸಿ ಕೊಡುತ್ತೇವೆ" ಎಂಬ ಮಾತಿಗೆ ಆ ಅವಧಿಯೊಳಗೆ ಒಪ್ಪಬೇಡಿ. ಹೊಸ ಯಂತ್ರವನ್ನು ಬಿಚ್ಚಿ ಮುಚ್ಚಳ ಬದಲಿಸಿದರೆ ಕೇಬಲ್ಲು, ಕ್ಲಿಪ್ಪುಗಳು ಮೊದಲಿನಂತೆ ಕೂರುತ್ತವೆ ಎಂಬ ಭರವಸೆ ಇಲ್ಲ. ದಿನಾ ಬಿಚ್ಚಿ ಜೋಡಿಸುವ ನಾನೇ ಇದನ್ನು ಹೇಳುತ್ತಿದ್ದೇನೆ.

ದೂರನ್ನು ಫೋನಿನಲ್ಲಿ ಹೇಳಿ ಬಿಡಬೇಡಿ, ಬರೆಯಿರಿ. ನೀರ್ಚಾಲಿನ ಹುಡುಗಿಗೆ ನಾನು ಬರೆಸಿದ್ದು ಇಷ್ಟೇ: "ಪೆಟ್ಟಿಗೆ ತೆರೆದಾಗಲೇ ಮುಚ್ಚಳದ ಎಡ ಮೂಲೆಯಲ್ಲಿ 3 ಮಿ.ಮೀ. ನೆಗ್ಗು ಇತ್ತು. ಸಮತಟ್ಟಾದ ಮೇಜಿನ ಮೇಲೆ ಲ್ಯಾಪ್‌ಟಾಪ್ ಅಲುಗಾಡುತ್ತದೆ, ಮುಚ್ಚಳದ ಸಂದಿ ಎರಡು ಬದಿಯಲ್ಲಿ ಒಂದೇ ರೀತಿ ಇಲ್ಲ. ಸೀಲ್ ಇರುವ ಹೊಸ ಯಂತ್ರ ಕೊಡಿ, ಇಲ್ಲವಾದರೆ ಹಣ ಹಿಂದಿರುಗಿಸಿ. ಬಿಲ್, ಫೋಟೊ, ವಿಡಿಯೊ ಜೊತೆಗಿವೆ." ಬೈಗುಳ ಇಲ್ಲ, ಕಣ್ಣೀರಿಲ್ಲ, ಅಳತೆ ಇದೆ. ಫೋಟೊದಲ್ಲಿ ಗೀರಿನ ಪಕ್ಕ ಸ್ಟೀಲ್ ಸ್ಕೇಲ್ ಇಡಿ, ಫ್ಲ್ಯಾಶ್ ಆಫ್ ಮಾಡಿ ಕಿಟಕಿಯ ಬೆಳಕಿನಲ್ಲಿ ತೆಗೆಯಿರಿ. ವಾಟ್ಸಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ; ಫೋಟೊ ಆಗಿ ಕಳಿಸಿದರೆ ಗಾತ್ರ ಕುಗ್ಗುತ್ತದೆ, ತೆಗೆದ ದಿನದ ವಿವರವೂ ಅಳಿಸಿಹೋಗುತ್ತದೆ.

ಕಾಸ್ಮೆಟಿಕ್ ಎಂದರೆ ದೋಷವೇ ಅಲ್ಲ ಎನ್ನುವವರಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯನ್ನು ನೆನಪಿಸಿ. ಗುಣಮಟ್ಟದಲ್ಲಿನ ಯಾವುದೇ ಲೋಪ, ಕುಂದು, ಕೊರತೆ ಅದರ ಪ್ರಕಾರ ದೋಷವೇ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ಹಿಂದೆ ತೆಗೆದುಕೊಂಡು ಹಣ ಕೊಡಲು ನಿರಾಕರಿಸುವುದನ್ನು ಆ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳ ಸಾಲಿನಲ್ಲಿ ಇಟ್ಟಿದೆ.

ಅಲ್ಲಿಗೂ ಬಗ್ಗದಿದ್ದರೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಲಯಾಳದಲ್ಲೂ ಮಾತಾಡಬಹುದು. ಕಾಸರಗೋಡಿನವರಿಗೆ ಇನ್ನೊಂದು ಮಾತು ಮುಖ್ಯ. ನಮ್ಮಲ್ಲಿ ಎಷ್ಟೋ ಮಂದಿ ತಲಪಾಡಿ ದಾಟಿ ಮಂಗಳೂರಿನಲ್ಲಿ ಖರೀದಿ ಮಾಡುತ್ತಾರೆ, ಆಮೇಲೆ "ಬೇರೆ ರಾಜ್ಯದ ಅಂಗಡಿ, ಅಲ್ಲಿ ಹೋಗಿ ಯಾರು ಕೇಸು ನಡೆಸುವುದು" ಎಂದು ಕೈಬಿಡುತ್ತಾರೆ. ಅಲ್ಲಿಗೆ ಹೋಗಬೇಕಾಗಿಲ್ಲ. ಈಗಿನ ಕಾಯ್ದೆಯಲ್ಲಿ ಗ್ರಾಹಕ ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬಿಲ್ಲು ಮಂಗಳೂರಿನದ್ದಾದರೂ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗ ಸಾಕು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಕಾಲಾವಕಾಶ 2 ವರ್ಷ. ಹುಡುಗಿಯ ವಿಷಯದಲ್ಲಿ ಅಷ್ಟು ದೂರ ಹೋಗಬೇಕಾಗಲಿಲ್ಲ, ಸಹಾಯವಾಣಿಯಲ್ಲಿ ದೂರು ದಾಖಲಾದ ಮೇಲೆ ಅಂಗಡಿಯಿಂದ ಕರೆ ಬಂತು.

ಇಟ್ಟುಕೊಂಡ ಮೇಲೆ

ಟೂತ್‌ಪೇಸ್ಟ್ ಹಚ್ಚಿ ಗೀರು ತೆಗೆಯುವ ವಿಡಿಯೊಗಳನ್ನು ದಯವಿಟ್ಟು ನಂಬಬೇಡಿ. ಟೂತ್‌ಪೇಸ್ಟಿನಲ್ಲಿ ಉಜ್ಜುವ ಪುಡಿ ಇರುತ್ತದೆ. ಅಲ್ಯೂಮಿನಿಯಂ ಮೈಯ ಬಣ್ಣ ನಿಂತಿರುವುದು ಮೈಕ್ರಾನ್ ಲೆಕ್ಕದ ಆಕ್ಸೈಡ್ ಪದರದಲ್ಲಿ, ಉಜ್ಜಿದರೆ ಗೀರು ಇದ್ದಲ್ಲಿ ದೊಡ್ಡ ಮಸುಕು ಕಲೆ ಉಳಿಯುತ್ತದೆ. ಬೆಳ್ಳಿ ಬಣ್ಣ ಕಾಣುವಷ್ಟು ಇಳಿದ ಗೀರಿಗೆ ಬಣ್ಣದ ಪೆನ್ ಹಚ್ಚಿದರೂ ಹೆಚ್ಚು ದಿನ ನಿಲ್ಲದು. ಅಂಟಿನ ಕಲೆಯಾದರೆ ಯಂತ್ರ ಆಫ್ ಮಾಡಿ, 70 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲನ್ನು ಬಟ್ಟೆಗೆ ಹಚ್ಚಿಕೊಂಡು ಲೋಹದ ಮೇಲೆ ಮಾತ್ರ ಒರೆಸಿ. ಪರದೆಗೆ ನೀರಿನಲ್ಲಿ ಸ್ವಲ್ಪವೇ ಒದ್ದೆ ಮಾಡಿದ ಮೈಕ್ರೊಫೈಬರ್ ಬಟ್ಟೆ ಸಾಕು.

ಕೆಲವು ಹಗುರ ಮಾದರಿಗಳ ಮೈ ಮೆಗ್ನೀಶಿಯಂ ಮಿಶ್ರಲೋಹದ್ದು, ಮೇಲೆ ಬಣ್ಣ. ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡಲ ಬದಿಯಲ್ಲಿ ಇರುವವರು ಇದನ್ನು ಗಮನಿಸಬೇಕು: ಬಣ್ಣ ಎದ್ದಲ್ಲಿ ಉಪ್ಪುಗಾಳಿ ತಾಗಿದರೆ ಆ ಲೋಹ ತಿನ್ನಿಸಿಕೊಳ್ಳುತ್ತದೆ. ಬಣ್ಣವಿಲ್ಲದ ನೇಲ್ ಪಾಲಿಶ್ ಒಂದು ತೆಳು ಪದರ ಹಚ್ಚಿದರೆ ತಡೆಯುತ್ತದೆ. ನಮ್ಮ ಕಡೆಯ ಮುರಕಲ್ಲಿನ ಕೆಂಪು ಧೂಳು ಇನ್ನೊಂದು ಶತ್ರು. ಧೂಳು ಕೂತ ಮುಚ್ಚಳವನ್ನು ನೇರ ಬಟ್ಟೆಯಿಂದ ಒರೆಸಿದರೆ ನೀವೇ ಗೀರು ಹಾಕಿದಂತೆ. ಮೊದಲು ಮೆತ್ತನೆಯ ಬ್ರಶ್ಶಿನಿಂದ ಹಾರಿಸಿ. ಸ್ಕಿನ್ ಅಂಟಿಸುವುದಾದರೆ ಗಾಳಿಯ ಕಿಂಡಿ ಮುಚ್ಚದಂತೆ ಕತ್ತರಿಸಿ.

ಗಲ್ಫಿನಿಂದ ತರಿಸುವವರಿಗೆ: ಅಲ್ಲಿಯ ಅಂಗಡಿಯಲ್ಲೇ, ಬಿಲ್ಲು ಕೊಟ್ಟವರ ಎದುರೇ ತೆರೆದು ನೋಡಲು ಹೇಳಿ. ಸೀಲ್ ಒಡೆಯದೆ ಊರಿಗೆ ತಂದು ಇಲ್ಲಿ ಗೀರು ಕಂಡರೆ ಬದಲಿಸಿಕೊಡುವವರು ಯಾರೂ ಸಿಗುವುದಿಲ್ಲ. ಇಲ್ಲಿಯ ಸರ್ವಿಸ್ ಸೆಂಟರ್ ಒಪ್ಪಿದರೂ ಅದು ರಿಪೇರಿಗೆ ಮಾತ್ರ, ಅದೂ ಆ ಮಾದರಿಗೆ ಅಂತರರಾಷ್ಟ್ರೀಯ ವಾರಂಟಿ ಇದ್ದರೆ. 18 ವರ್ಷ ದಾಟಿದ ಪ್ರಯಾಣಿಕರಿಗೆ ಒಂದು ಲ್ಯಾಪ್‌ಟಾಪ್ ಸುಂಕವಿಲ್ಲದೆ ತರುವ ಅವಕಾಶ ಇರುವುದರಿಂದ ಕಸ್ಟಮ್ಸಿಗೆ ಹೆದರಿ ಪೆಟ್ಟಿಗೆ ಮುಚ್ಚಿಡುವ ಕಾರಣವೂ ಇಲ್ಲ. ಕೀಲಿಮಣೆಯಲ್ಲಿ ಅರಬಿ ಅಕ್ಷರ ಬೇಡವಾದರೆ ಅದನ್ನೂ ಅಲ್ಲೇ ಕೇಳಿಕೊಳ್ಳಿ, ಇಲ್ಲಿ ಅದು ದೋಷ ಎಂದು ಯಾರೂ ಒಪ್ಪುವುದಿಲ್ಲ.