ಘಾನಾದಿಂದ ಮಂಗಳೂರಿಗೆ ಗೇರುಬೀಜ: ನನ್ನ ಅನುಭವ

ಮಂಗಳೂರು, ಕಾರ್ಕಳ, ಪುತ್ತೂರು ಕಡೆಯ ಗೇರುಬೀಜದ ಫ್ಯಾಕ್ಟರಿಗಳು ವರ್ಷವಿಡೀ ಓಡಬೇಕಾದರೆ ನಮ್ಮ ಗುಡ್ಡಗಳ ಬೆಳೆ ಸಾಲುವುದಿಲ್ಲ. ಬಾಕಿ ಬೀಜ ಹೆಚ್ಚಾಗಿ ಬರುವುದು ಆಫ್ರಿಕಾದಿಂದ. ಕಾರ್ಕಳದ ಒಂದು ಫ್ಯಾಕ್ಟರಿಯಲ್ಲಿ ಆ ಗೋಣಿಗಳನ್ನು ಇಳಿಸಿಕೊಳ್ಳುತ್ತಿದ್ದವನು ನಾನು. ಈಗ ಘಾನಾದ ಟೆಚಿಮನ್‌ನಲ್ಲಿ ಕೂತು ಅಂಥದ್ದೇ ಗೋಣಿಗಳನ್ನು ಹೊಲಿಸಿ ಕಳಿಸುತ್ತೇನೆ. "ನಾವೂ ಶುರು ಮಾಡಬಹುದಾ?" ಅಂತ ಕೇಳುವವರು ಮೊದಲು ವಿಚಾರಿಸುವುದು ಲೈಸೆನ್ಸ್ ಬಗ್ಗೆ. ಕಷ್ಟ ಇರುವುದು ಅಲ್ಲಲ್ಲ.

ಘಾನಾದಲ್ಲಿ ವ್ಯಾಪಾರ ಮಾಡಲು ಹೊರದೇಶದವರು 10 ಲಕ್ಷ ಡಾಲರ್ ಬಂಡವಾಳ ತೋರಿಸಬೇಕು ಅಂತ ಕೇಳಿಯೇ ಹಿಂದೆ ಸರಿದವರಿದ್ದಾರೆ. ಅದು ಅಲ್ಲಿ ಸರಕು ತಂದು ಮಾರುವವರಿಗೆ ಇದ್ದ ಷರತ್ತು. ನಾನು ಶುರು ಮಾಡಿದ್ದು 2013ರ ಹೂಡಿಕೆ ಕಾಯ್ದೆಯ ಕೆಳಗೆ. ಅದರಲ್ಲಿ ಬರೀ ರಫ್ತಿಗೆಂದು ತೆರೆದ ಕಂಪನಿಗೆ ಆ ಷರತ್ತು ಇರಲಿಲ್ಲ. ಇವತ್ತಿನ ನಿಯಮ ಏನು ಅಂತ ಅಲ್ಲಿನ ವಕೀಲರ ಹತ್ತಿರ ಒಮ್ಮೆ ನೋಡಿಸಿಬಿಡಿ. ಮಿಕ್ಕಿದ್ದು ಓಡಾಟದ ಕೆಲಸ: ಕಂಪನಿ ನೋಂದಣಿ, ಕುಮಾಸಿಯಲ್ಲಿರುವ ಟ್ರೀ ಕ್ರಾಪ್ಸ್ ಡೆವಲಪ್‌ಮೆಂಟ್ ಅಥಾರಿಟಿಯ ಲೈಸೆನ್ಸ್, ಮಾಲಿನಲ್ಲಿ ಕೀಟ, ರೋಗ ಇಲ್ಲ ಅನ್ನುವ ಕೃಷಿ ಇಲಾಖೆಯ ಫೈಟೋಸ್ಯಾನಿಟರಿ ಸರ್ಟಿಫಿಕೇಟ್, ವ್ಯಾಪಾರಿಗಳ ಸಂಘವಾದ ಚೇಂಬರ್‌ನಿಂದ ಮಾಲು ಯಾವ ದೇಶದ್ದು ಅನ್ನುವ ಮೂಲ ದೇಶದ ಪತ್ರ. ಒಳ್ಳೆ ಕ್ಲಿಯರಿಂಗ್ ಏಜೆಂಟ್ ಸಿಕ್ಕರೆ ಅರ್ಧ ತಲೆನೋವು ಅವನದ್ದು.

ನಿಜವಾದ ಕೆಲಸ ಬೀಜ ಕತ್ತರಿಸುವುದು.

ಈ ವ್ಯಾಪಾರದಲ್ಲಿ ಬೆಲೆ ನಿಲ್ಲುವುದು ಔಟ್‌ಟರ್ನ್ ಮೇಲೆ. ಅಂದರೆ 80 ಕಿಲೋ ಚೀಲದಲ್ಲಿ ಎಷ್ಟು ಪೌಂಡ್ ತಿರುಳು ಬರುತ್ತದೆ ಅನ್ನುವುದು. ಲಾಟಿನ ಬೇರೆ ಬೇರೆ ಚೀಲಗಳಿಂದ ಒಂದೊಂದು ಹಿಡಿ ತೆಗೆದು, ನೆಲದ ಮೇಲೆ ಹರಡಿ, ಚೆನ್ನಾಗಿ ಕಲಸಿ, ಒಂದು ಕಿಲೋ ತೂಗುತ್ತೇವೆ. ಬೀಜ ಎಣಿಸುತ್ತೇವೆ. 200ರ ಆಸುಪಾಸು ಇದ್ದರೆ ಗಾತ್ರ ಪರವಾಗಿಲ್ಲ. ಆಮೇಲೆ ಒಂದೊಂದನ್ನೂ ಕಟರ್‌ನಲ್ಲಿ ಸೀಳಬೇಕು. ಒಳ್ಳೆ ತಿರುಳು ಒಂದು ಕಡೆ, ಚುಕ್ಕೆ ಬಿದ್ದದ್ದು, ಸುಕ್ಕಾದದ್ದು ಇನ್ನೊಂದು ಕಡೆ, ಕೊಳೆತದ್ದು, ಜೊಳ್ಳು ಮತ್ತೊಂದು ಕಡೆ. ಒಳ್ಳೆಯದಕ್ಕೆ ಪೂರ್ತಿ ತೂಕ, ಎರಡನೆಯದಕ್ಕೆ ಅರ್ಧ, ಮೂರನೆಯದಕ್ಕೆ ಏನೂ ಇಲ್ಲ. ಒಳ್ಳೆಯದು 260 ಗ್ರಾಂ, ಚುಕ್ಕೆಯದು 24 ಗ್ರಾಂ ಬಂತು ಅಂದುಕೊಳ್ಳಿ. 260ಕ್ಕೆ 12 ಸೇರಿಸಿದರೆ 272. ಅದನ್ನು 0.17637ರಿಂದ ಗುಣಿಸಿ; ಒಂದು ಕಿಲೋದ ಗ್ರಾಂ ಲೆಕ್ಕವನ್ನು 80 ಕಿಲೋ ಚೀಲದ ಪೌಂಡಿಗೆ ತಿರುಗಿಸುವ ಅಂಕಿ ಅದು. ಹತ್ತಿರ ಹತ್ತಿರ 48 ಪೌಂಡ್. ಘಾನಾ ಮಾಲಿಗೆ ಇದು ಮರ್ಯಾದೆಯ ಲೆಕ್ಕ.

ಇಷ್ಟು ಮಾಡುವಷ್ಟರಲ್ಲಿ ಕೈಗೆಲ್ಲ ಸೊನೆ ಹಿಡಿದಿರುತ್ತದೆ. ನಮ್ಮೂರಲ್ಲಿ ಬೂದಿ ಹಚ್ಚಿಕೊಳ್ಳುತ್ತಾರೆ, ನಾನು ಗ್ಲೌಸ್ ಹಾಕುತ್ತೇನೆ. ಬೀಜ ಕೊಡಿಸುವ ಏಜೆಂಟ್ "ಫಸ್ಟ್ ಕ್ಲಾಸ್ ಮಾಲು" ಅಂದ ಮಾತ್ರಕ್ಕೆ ದುಡ್ಡು ಕೊಡುವವರು ಮನೆಯಲ್ಲೇ ಇರುವುದು ವಾಸಿ. ಸೀಸನ್ ಶುರುವಿನಲ್ಲಿ, ಫೆಬ್ರವರಿ ಹೊತ್ತಿಗೆ, ಹಣ್ಣು ಉದುರುವ ಮೊದಲೇ ಕಿತ್ತ ಎಳೆ ಬೀಜ ಜಾಸ್ತಿ ಬರುತ್ತದೆ. ಹೊರಗೆ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಸೀಳಿದರೆ ಸುಕ್ಕು.

ಇನ್ನೊಂದು ತೇವ. ರೈತರಿಂದ ಬರುವಾಗ 12 ಶೇಕಡಾ ಇದ್ದರೆ, ಒಣಗಿಸಿ 8-9ಕ್ಕೆ ಇಳಿಸಬೇಕು. ನೂರು ಕಿಲೋದಲ್ಲಿ ಮೂರ್ನಾಲ್ಕು ಕಿಲೋ ಬಿಸಿಲಲ್ಲಿ ಹೋಯಿತು ಅಂತಲೇ ಲೆಕ್ಕ. ಕೊಳ್ಳುವ ಬೆಲೆಯಲ್ಲೇ ಅದನ್ನು ಹಿಡಿದಿರಬೇಕು.

ಬೆಲೆ ಅಂದಾಗ ಸಾಂಪಾ ನೆನಪಾಗುತ್ತದೆ. ಐವರಿ ಕೋಸ್ಟ್ ಗಡಿಯ ಊರು, ಸುತ್ತ ಗೇರು ತೋಟ. ಆ ಕಡೆ ನಡೆಯುವುದು ಸಿಎಫ್‌ಎ ಫ್ರಾಂಕ್, ಅದು ಯೂರೋಗೆ ಕಟ್ಟಿಹಾಕಿದ ಹಣ. ಈ ಕಡೆ ಘಾನಾದ ಹಣ ಸೇಡಿ. 2022ರಲ್ಲಿ ಸೇಡಿ ಕುಸಿದು, ಡಿಸೆಂಬರ್‌ನಲ್ಲಿ ಹಣದುಬ್ಬರ 54.1 ಶೇಕಡಾ ಮುಟ್ಟಿತ್ತು. ಡಾಲರ್‌ನಲ್ಲಿ ಮಾರುವ ನಮಗೆ ಲಾಭ ಅಂತ ಹೊರಗಿನವರಿಗೆ ಅನಿಸುತ್ತದೆ. ರೈತರೇನು ದಡ್ಡರಾ? ಗಡಿಯಾಚೆಯ ರೇಟು, ಡಾಲರ್ ರೇಟು ಎರಡೂ ಅವರ ಫೋನಿನಲ್ಲಿರುತ್ತದೆ. ಬೆಳಿಗ್ಗೆ ಒಪ್ಪಿದ ಬೆಲೆ ಸಂಜೆಗೆ ಇರುವುದಿಲ್ಲ. ಹಾಗಾಗಿ ನಾನು ಸೇಡಿಯನ್ನು ಕೂಡಿಟ್ಟುಕೊಳ್ಳುವುದಿಲ್ಲ. ಮಾಲು ತೂಗಿದ ಕೂಡಲೇ ಮೊಬೈಲ್ ಮನಿಯಲ್ಲಿ ಪಾವತಿ. ಗಡಿ ದಾಟಿ ಬಂದ ಬೀಜಕ್ಕಂತೂ ಕೈ ಹಾಕುವುದಿಲ್ಲ. ಐವರಿ ಕೋಸ್ಟ್ ತನ್ನ ಹಸಿ ಬೀಜ, ಅಂದರೆ ಸಂಸ್ಕರಿಸದ ಬೀಜ, ರಸ್ತೆ ಮೂಲಕ ಹೊರಗೆ ಹೋಗುವುದನ್ನು ನಿಷೇಧಿಸಿದೆ. ಅಂಥ ಮಾಲಿಗೆ ಘಾನಾದ ಮೂಲ ಪತ್ರ ಮಾಡಿಸಿದರೆ ಅದು ಸುಳ್ಳೇ ಆಗುತ್ತದೆ, ಅಲ್ವಾ?

ಟೆಮಾ ಬಂದರಿನಲ್ಲಿ 40 ಅಡಿಯ ಕಂಟೇನರ್‌ಗೆ ಸುಮಾರು 25 ಟನ್ ತುಂಬುತ್ತೇವೆ. ಗೋಡೆಗೆ ಕ್ರಾಫ್ಟ್ ಪೇಪರ್, ಮೇಲೆ ತೇವ ಹೀರುವ ಚೀಲಗಳು. ಇದರಲ್ಲಿ ಜಿಪುಣತನ ಬೇಡ. ಹಡಗು ಬದಲಾಯಿಸಿಕೊಂಡು ಪಣಂಬೂರು ಮುಟ್ಟಲು ತಿಂಗಳಿಗಿಂತ ಜಾಸ್ತಿ ಬೇಕು. ಏಪ್ರಿಲ್ ಕೊನೆಗೆ ಹೊರಟ ಮಾಲು ಇಳಿಯುವುದು ಕರಾವಳಿಯ ಜೂನ್ ಮಳೆಯಲ್ಲಿ. ದಾರಿಯಲ್ಲಿ ಕಂಟೇನರ್ ಒಳಗೆ ಬೆವರಿ, ಮೇಲಿನ ಸಾಲಿನ ಚೀಲಕ್ಕೆ ನೀರು ತೊಟ್ಟಿಕ್ಕಿದರೆ ಬೂಷ್ಟು ಗ್ಯಾರಂಟಿ.

ದುಡ್ಡಿನ ವಿಷಯ. ಎಲ್‌ಸಿ, ಅಂದರೆ ಗಿರಾಕಿಯ ಬ್ಯಾಂಕ್ ಕೊಡುವ ಪಾವತಿಯ ಖಾತರಿ ಪತ್ರ, ಇಲ್ಲದೆ ಹೊಸ ಗಿರಾಕಿಗೆ ನಾನು ಮಾಲು ಹತ್ತಿಸುವುದಿಲ್ಲ. ದಾಖಲೆ ಕೊಟ್ಟಾಗ 98 ಶೇಕಡಾ, ಮಾಲು ಇಳಿದ ಕಡೆ ಬೀಜ ಸೀಳಿ ನೋಡುವ ಕಟಿಂಗ್ ಆದ ಮೇಲೆ ಉಳಿದ 2 ಅನ್ನುವುದು ನಮ್ಮಲ್ಲಿ ಸಾಮಾನ್ಯ ಒಪ್ಪಂದ. ಮಾರುಕಟ್ಟೆ ಬಿದ್ದ ವರ್ಷ ಆ 2 ಶೇಕಡಾಕ್ಕೆ ಜಗಳ ಜಾಸ್ತಿ. ಒಬ್ಬ ಗಿರಾಕಿ ಸುಮ್ನೆ ಎರಡು ಪೌಂಡ್ ಕಮ್ಮಿ ಬಂತು ಅಂದುಬಿಟ್ಟರು. ಟೆಮಾದಲ್ಲೂ ಮಂಗಳೂರಲ್ಲೂ ಸರ್ವೇಯರ್, ಅಂದರೆ ಮಾಲು ಪರೀಕ್ಷಿಸುವ ಮೂರನೆಯವರು, ಕಟಿಂಗ್ ಮಾಡಿದ ವರದಿ ನನ್ನ ಹತ್ತಿರ ಇತ್ತು. ಅವರು ಕಾಗದ ನೋಡಿದರು, ಹಣ ಬಂತು. ಸರ್ವೇ ಖರ್ಚು ಉಳಿಸುತ್ತೇನೆ ಅನ್ನುವವರಿಗೆ ಇಷ್ಟೇ ಹೇಳುತ್ತೇನೆ.

ಬಂಡವಾಳ ಎಷ್ಟು ಬೇಕು? ಟನ್ನಿಗೆ ಸಾವಿರ ಡಾಲರ್ ಮೇಲೆಯೇ ಹಿಡಿದರೆ, ಒಂದೇ ಕಂಟೇನರ್‌ಗೂ 25-30 ಸಾವಿರ ಡಾಲರ್ ತಿಂಗಳುಗಟ್ಟಲೆ ಸಿಕ್ಕಿಬೀಳುತ್ತದೆ. ಸಾಲದ ದುಡ್ಡಾದರೆ ಬಡ್ಡಿಯೇ ಲಾಭ ತಿನ್ನುತ್ತದೆ.

ಬೆನಿನ್ ದೇಶದವರು 2024ರ ಏಪ್ರಿಲ್‌ನಿಂದ ಹಸಿ ಬೀಜದ ರಫ್ತನ್ನೇ ನಿಲ್ಲಿಸಿದರು. ಮಾಡುವುದಿದ್ದರೆ ಇಲ್ಲೇ ಸಂಸ್ಕರಿಸಿ ಅಂತ. ಘಾನಾದಲ್ಲೂ ಆ ಮಾತು ಆಗಾಗ ಏಳುತ್ತದೆ. ಅವರು ಹೇಳುವುದು ನನಗೆ ನ್ಯಾಯವಾಗಿಯೇ ಕಾಣುತ್ತದೆ. ಅದಕ್ಕೇ ಬೀಜ ಬೇಯಿಸಿ ಸುಲಿಯುವ ಒಂದು ಸಣ್ಣ ಘಟಕ ಘಾನಾದ ವೆಂಚಿಯಲ್ಲಿ ಹಾಕುವ ಲೆಕ್ಕ ನಡೆದಿದೆ. ಯಂತ್ರಕ್ಕೆ ಮಂಗಳೂರಿನಿಂದ ಕೊಟೇಶನ್ ಬಂದಿದೆ. ಸದ್ಯಕ್ಕೆ ಯಂತ್ರದ ಬೆಲೆಗಿಂತ ಜನರೇಟರ್ ಡೀಸೆಲ್‌ದೇ ಚರ್ಚೆ ಜಾಸ್ತಿ.