ಕಬ್ಬೆಕ್ಕಿಗೂ ಒಂದು ಪುಟ

ಜೋಸೆಫ್ ಗ್ರಿನ್ನೆಲ್ ಹೆಸರು ನಮ್ಮಲ್ಲಿ ಕೇಳಿದವರು ಕಡಿಮೆ. 1908ರಲ್ಲಿ ಆನಿ ಅಲೆಕ್ಸಾಂಡರ್ ಎಂಬಾಕೆ ತನ್ನ ದುಡ್ಡು ಹಾಕಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಶುರು ಮಾಡಿದ ಪ್ರಾಣಿ ಮ್ಯೂಸಿಯಂಗೆ ಇವರೇ ಮೊದಲ ನಿರ್ದೇಶಕರು. ಇಲಿ, ಅಳಿಲು, ಹಕ್ಕಿ ಯಾವುದನ್ನೂ ಬಿಡದೆ ಬರೆದಿಟ್ಟ ಮನುಷ್ಯ. ಅವರ ನೋಟ್ಸ್ ಬರೆಯುವ ಕ್ರಮವನ್ನೇ ನಾನು ಮಣಿಪಾಲದಲ್ಲಿ, ನಮ್ಮ ಮನೆಯ ಆಸುಪಾಸಿನಲ್ಲಿ ಪಾಲಿಸುತ್ತಿದ್ದೇನೆ.

ದಿನಚರಿ ಬೇರೆ, ಒಂದೊಂದು ಪ್ರಾಣಿಗೆ ಪುಟ ಬೇರೆ, ಅಷ್ಟೇ. ಎಲ್ಲಿಂದ ಎಲ್ಲಿಗೆ ನಡೆದೆ, ಎಷ್ಟು ಹೊತ್ತು, ಮಳೆಯೋ ಬಿಸಿಲೋ ಎಂಬುದೆಲ್ಲ ದಿನಚರಿಗೆ. ಅದೇ ದಿನ ಬರೆಯಬೇಕು, ನಾಳೆಗೆ ಇಟ್ಟರೆ ಅರ್ಧ ನಮ್ಮ ಕಲ್ಪನೆ ಸೇರಿಕೊಳ್ಳುತ್ತದೆ. ಜಾಗ ಬರೆಯುವಾಗ ಸುಮ್ನೆ 'ಮಣಿಪಾಲ' ಅಂದರೆ ಏನೂ ಪ್ರಯೋಜನ ಇಲ್ಲ. ಪುನುಗು ಜಾತಿಯ ಕಬ್ಬೆಕ್ಕಿನ ಬಗ್ಗೆ ನನ್ನ ಪುಟದಲ್ಲಿ ಹೀಗಿದೆ: 'ಮಣ್ಣಪಳ್ಳ ಕೆರೆಗೆ ಹೋಗುವ ದಾರಿ, ಮುರಕಲ್ಲಿನ ಪಾಗಾರದ ಮೇಲೆ ಹಿಕ್ಕೆ, ಹೊಸದು, ಒಳಗೆ ಬೈನೆ ಬೀಜ. ಪ್ರಾಣಿ ಕಾಣಲಿಲ್ಲ.'

ಆ ಕೊನೆಯ ಮಾತು ನನಗೆ ಮುಖ್ಯ. ಕಾಣಲಿಲ್ಲ ಅನ್ನುವುದನ್ನೂ, ಎಷ್ಟು ಹೊತ್ತು ಹುಡುಕಿದೆ ಅನ್ನುವುದನ್ನೂ ಬರೆದಿಟ್ಟರೆ ಮುಂದೆ ಬಂದವರು ಹೋಲಿಸಿ ನೋಡಬಹುದು. ಮೊಬೈಲಿನಲ್ಲಿ ಫೋಟೋ ತೆಗೆದು ಸ್ಟೇಟಸ್ ಹಾಕುವವರಿಗೆ ಇದು ಬೋರು ಅನ್ನಿಸುತ್ತದೆ, ಅಲ್ವಾ? ಆದರೆ ಗ್ರಿನ್ನೆಲ್ ತಂಡ 1914ರಿಂದ 1920ರವರೆಗೆ ಕ್ಯಾಲಿಫೋರ್ನಿಯಾದ ಯೊಸೆಮಿಟಿ ಬೆಟ್ಟಸೀಮೆಯಲ್ಲಿ ಬರೆದಿಟ್ಟ ಪುಟಗಳನ್ನು ಹಿಡಿದುಕೊಂಡೇ ಸುಮಾರು ತೊಂಬತ್ತು ವರ್ಷದ ಮೇಲೆ ಅದೇ ಮ್ಯೂಸಿಯಂನವರು ಅದೇ ಜಾಗಗಳಿಗೆ ಮತ್ತೆ ಹೋದರು. ಅಷ್ಟರಲ್ಲಿ ಅಲ್ಲಿಯ ಚಳಿ ಕಡಿಮೆಯಾಗಿತ್ತು. ಅವರು ನೋಡಿದ 28 ಜಾತಿಯ ಸಣ್ಣ ಸಸ್ತನಿಗಳಲ್ಲಿ ಅರ್ಧದಷ್ಟು, ಬೆಟ್ಟದಲ್ಲಿ ಸರಾಸರಿ 500 ಮೀಟರ್ ಮೇಲಕ್ಕೆ ಹೋಗಿದ್ದವು. 2008ರಲ್ಲಿ ಇದು ಪ್ರಕಟವಾಯಿತು. ಗ್ರಿನ್ನೆಲ್ ತೀರಿಕೊಂಡದ್ದು 1939ರಲ್ಲಿ. ತಮ್ಮ ಕೆಲಸದ ನಿಜವಾದ ಬೆಲೆ ತಿಳಿಯಲು ನೂರು ವರ್ಷ ಬೇಕಾದೀತು ಎಂದು ಅವರೇ ಬರೆದಿದ್ದರು.

ಒಂದು ವಿಷಯದಲ್ಲಿ ಮಾತ್ರ ನಾನು ಅವರ ದಾರಿ ಬಿಟ್ಟಿದ್ದೇನೆ. ಅವರದು ಅಳಿಸಲಾಗದ ಕಪ್ಪು ಶಾಯಿ. ಆಟಿಯ ಮಳೆಯಲ್ಲಿ ಕಾಗದವೇ ಹಪ್ಪಳದ ಹಿಟ್ಟಿನಂತೆ ಮೆತ್ತಗಾಗುವ ನಮ್ಮೂರಲ್ಲಿ ಹೊರಗೆ ಪೆನ್ಸಿಲೇ ಒಳ್ಳೆಯದು. ಮನೆಗೆ ಬಂದು ಶಾಯಿಯಲ್ಲಿ ಬರೆದು, ಬೂಸ್ಟು ಬಾರದಂತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡುತ್ತೇನೆ.

ಹೊಸಬರು ಚಿರತೆ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅಡುಗೆಮನೆಯ ಗೋಡೆ ಬದಿಯಲ್ಲಿ ಓಡುವ ಸುಂಡಿಲಿಯಿಂದಲೇ ಶುರು ಮಾಡಿ. ಅದು ಇಲಿಯ ಕುಲದ್ದೇ ಅಲ್ಲ, ಜಿರಳೆ ಹಿಡಿದು ತಿನ್ನುತ್ತದೆ. ನಮ್ಮ ಮನೆಯಲ್ಲಿ ಇದನ್ನು ಎಷ್ಟು ಹೇಳಿದರೂ ಪೊರಕೆ ಕೆಳಗಿಡುವವರಿಲ್ಲ, ನನ್ನ ಸುಂಡಿಲಿ ಪುಟದಲ್ಲಿ ಅದೂ ದಾಖಲಾಗಿದೆ.